ದಂಡ, ಭೃತಿ, ವೆಚ್ಚ: ಮೋಸದ ಮೊಕದ್ದಮೆಯ ಖರ್ಚು ಯಾರದು?

ಕನ್ನಡದ ನ್ಯಾಯಾಲಯ ಭಾಷೆಯಲ್ಲಿ ಹಣಕ್ಕೆ ಸಂಬಂಧಿಸಿದ ಮೂರು ಪದಗಳು ಅಕ್ಕಪಕ್ಕದಲ್ಲಿ ಬರುತ್ತವೆ: ದಂಡ, ಪರಿಹಾರ, ವೆಚ್ಚ. ತಪ್ಪಿತಸ್ಥನು ರಾಜ್ಯಕ್ಕೆ ತೆರುವುದು ದಂಡ. ನೊಂದವನಿಗೆ ಸಲ್ಲುವುದು ಪರಿಹಾರ. ವ್ಯಾಜ್ಯವನ್ನು ನಡೆಸಲು ತಗುಲಿದ್ದು ವೆಚ್ಚ. ಆಡುಮಾತಿನಲ್ಲಿ ಇವು ಕಲಸಿಹೋಗಿವೆ. ‘ದುಡ್ಡು ದಂಡವಾಯಿತು’ ಎನ್ನುವಲ್ಲಿ ಅಪರಾಧಿಯೂ ಇಲ್ಲ, ನ್ಯಾಯಾಧೀಶನೂ ಇಲ್ಲ. ವ್ಯರ್ಥವಾದ ಖರ್ಚಿಗೇ ದಂಡವೆಂಬ ಹೆಸರು. ಗ್ರಾಹಕರನ್ನು ವಂಚಿಸಿದವರ ಮೇಲೆ ಸರ್ಕಾರವು ಕ್ರಮ ಕೈಗೊಂಡಾಗ ಈ ಕಲಸುವಿಕೆಯಿಂದ ಒಂದು ಪ್ರಶ್ನೆಯೇ ಮರೆಯಾಗುತ್ತದೆ. ಮೋಸವನ್ನು ಪತ್ತೆಹಚ್ಚಿ ರುಜುವಾತುಪಡಿಸಲು ಸರ್ಕಾರ ಮಾಡಿದ ಖರ್ಚನ್ನು ಕೊನೆಗೆ ಯಾರು ಭರಿಸುತ್ತಾರೆ?

ಒಂದು ಕಲ್ಪಿತ ಪ್ರಸಂಗದಿಂದ ಇದನ್ನು ವಿವರಿಸಬಹುದು. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಒಕ್ಕಲಿಗ ಕುಟುಂಬಗಳಿವೆ. ಪಕ್ಕದ ಬೋಡಿನಾಯಕನೂರು ಏಲಕ್ಕಿಯ ಹರಾಜಿಗೆ ಹೆಸರಾದ ಪೇಟೆ. ಮಾರ್ಕಯನ್‌ಕೋಟ್ಟೈಯ ಒಬ್ಬ ಗೃಹಿಣಿ ಕೊಂಡ ನೂರು ಗ್ರಾಂ ಏಲಕ್ಕಿಗೆ ಹಸಿರು ಬಣ್ಣ ಹಾಕಲಾಗಿದೆ ಎಂದಿಟ್ಟುಕೊಳ್ಳೋಣ. ಆಕೆಯ ನಷ್ಟ ಕೆಲವು ನೂರು ರೂಪಾಯಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಪದಾರ್ಥವನ್ನು ವಿಶ್ಲೇಷಣೆಗೆ ಕಳಿಸಬಹುದು. ಪದಾರ್ಥ ಕಾಯಿದೆಗೆ ವಿರುದ್ಧವೆಂದು ವರದಿ ಬಂದರೆ ಆ ಶುಲ್ಕ ಅವರಿಗೆ ಮರಳಬೇಕು. ನ್ಯಾಯವಾದ ಏರ್ಪಾಡೇ. ಆದರೆ ಶುಲ್ಕ ಮರಳಿದ ಮಾತ್ರಕ್ಕೆ ಪರೀಕ್ಷೆ ಪುಕ್ಕಟೆಯಾಗುವುದಿಲ್ಲ. ಪ್ರಯೋಗಾಲಯ, ಅಧಿಕಾರಿಯ ಓಡಾಟ, ಸರ್ಕಾರಿ ವಕೀಲರ ಸಂಭಾವನೆ ಇವೆಲ್ಲ ಸಾರ್ವಜನಿಕ ಬೊಕ್ಕಸದಿಂದಲೇ ಹೋಗುತ್ತವೆ. ಆ ಬೊಕ್ಕಸಕ್ಕೆ ತೆರಿಗೆ ಕಟ್ಟುವವರಲ್ಲಿ ಮೋಸಹೋದ ಗೃಹಿಣಿಯೂ ಒಬ್ಬಳು.

ಈ ತೊಡಕನ್ನು ಹಳೆಯ ಶಾಸ್ತ್ರಕಾರರು ಕಂಡಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ತೂಕ ಅಳತೆಗಳ ಮೇಲ್ವಿಚಾರಕನಾದ ಪೌತವಾಧ್ಯಕ್ಷನ ಪ್ರಕರಣವಿದೆ. ಮುದ್ರೆಯಿಲ್ಲದ ತೂಕ ಬಳಸಿದವನಿಗೆ ಇಪ್ಪತ್ತೇಳೂಕಾಲು ಪಣ ದಂಡ. ಇದಲ್ಲದೆ ತಪ್ಪು ಮಾಡಲಿ ಬಿಡಲಿ, ವ್ಯಾಪಾರಿಗಳು ಅಧ್ಯಕ್ಷನಿಗೆ ದಿನಕ್ಕೊಂದು ಕಾಕಣಿಯನ್ನು ಮುದ್ರೆಯ ಶುಲ್ಕವಾಗಿ ಕೊಡಬೇಕು. ಮೇಲ್ವಿಚಾರಣೆಯ ವೆಚ್ಚವನ್ನು ಇಡೀ ವ್ಯಾಪಾರವೇ ಹೊರಬೇಕೆಂಬುದು ಇದರ ತರ್ಕ. ಇಂದು ಅಂಗಡಿಯವರು ತಕ್ಕಡಿಗೆ ಮುದ್ರೆ ಹಾಕಿಸಲು ಕಟ್ಟುವ ಶುಲ್ಕವೂ ಇದೇ ಜಾತಿಯದು. ಮೂರನೆಯ ಅಧಿಕರಣದಲ್ಲಿ ವ್ಯವಹಾರದ ಮಾತು ಬಂದಾಗ ಕೌಟಿಲ್ಯ ಇನ್ನೂ ನೇರವಾಗುತ್ತಾನೆ. ಸೋತವನ ದಂಡವನ್ನು ಹೇಳಿ ಮುಗಿಸಿದ ಮೇಲೆ ‘ಪುರುಷಭೃತಿ’ ಎಂದರೆ ರಾಜಪುರುಷರ ಕೂಲಿಯನ್ನೂ, ‘ಪಥಿಭಕ್ತ’ ಎಂದರೆ ಅವರ ದಾರಿಯೂಟದ ಖರ್ಚನ್ನೂ ಪ್ರತ್ಯೇಕವಾಗಿ ಎಣಿಸಿ, ಎರಡನ್ನೂ ಸೋತವನೇ ಕೊಡಬೇಕೆನ್ನುತ್ತಾನೆ. ದಾರಿಯೂಟವನ್ನು ಆಯಾ ಕಾಲದ ಬೆಲೆಯಂತೆ ಲೆಕ್ಕ ಹಾಕಬೇಕೆಂಬ ಎಚ್ಚರವೂ ಅಲ್ಲಿದೆ.

ಕನ್ನಡ ನಾಡಿನ ವಿದ್ಯಾರ್ಥಿಗೆ ಇನ್ನೂ ಹತ್ತಿರದ ಸಾಕ್ಷ್ಯ ಮಿತಾಕ್ಷರಾ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಸಾಲಿಗನು ರಾಜನ ನೆರವಿನಿಂದ ಬಾಕಿಯನ್ನು ವಸೂಲು ಮಾಡಿಸಿಕೊಂಡರೆ, ಸಾಲಗಾರನಿಂದ ನೂರಕ್ಕೆ ಹತ್ತು, ಹಣ ಪಡೆದ ಸಾಲಿಗನಿಂದ ನೂರಕ್ಕೆ ಐದು ರಾಜನಿಗೆ ಸಲ್ಲಬೇಕೆಂದು ಮೂಲಸ್ಮೃತಿ ಹೇಳುತ್ತದೆ. ಎರಡೂ ಒಂದೇ ಬೊಕ್ಕಸಕ್ಕೆ ಹೋಗುವ ಹಣ. ಆದರೆ ವಿಜ್ಞಾನೇಶ್ವರನು ಮೊದಲನೆಯದನ್ನು ದಂಡವೆಂದೂ ಎರಡನೆಯದನ್ನು ಭೃತಿಯೆಂದೂ ಬೇರ್ಪಡಿಸುತ್ತಾನೆ. ದಂಡಕ್ಕೆ ಕಾರಣ ತಪ್ಪು. ಭೃತಿಗೆ ಕಾರಣ ರಾಜ್ಯವು ಮಾಡಿದ ಕೆಲಸ. ದಂಡವನ್ನು ತಪ್ಪಿನ ತೂಕ ನೋಡಿ ಹೆಚ್ಚಿಸಬಹುದು: ಸಾಲವನ್ನೇ ಅಲ್ಲಗಳೆದು ಸಿಕ್ಕಿಬಿದ್ದವನು ಸಾಲದಷ್ಟೇ ಹಣವನ್ನು ರಾಜನಿಗೂ ತೆರಬೇಕೆಂದು ಅದೇ ಸ್ಮೃತಿಯಲ್ಲಿದೆ. ಕೂಲಿಯನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ. ವೆಚ್ಚ ವಸೂಲಿಯ ಬಗ್ಗೆ ಇಂದು ನಡೆಯುವ ಚರ್ಚೆಯ ತಿರುಳೆಲ್ಲ ಈ ಎರಡು ಪದಗಳ ನಡುವೆ ಇದೆ ಎಂದರೆ ಅತಿಶಯೋಕ್ತಿಯಲ್ಲ.

ಇಂದಿನ ಕಾಯಿದೆಗಳು ಗೆದ್ದವನ ಭೃತಿಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ, ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೇ ಇಲ್ಲ. ಬಡ ಗ್ರಾಹಕನ ದೃಷ್ಟಿಯಿಂದ ಇದು ಉಚಿತವೇ. ಉಚಿತ ಎಂಬ ಪದದ ಎರಡು ಅರ್ಥಗಳಲ್ಲೂ. ಗ್ರಾಹಕರ ಆಯೋಗವು ಪಕ್ಷಗಾರರಿಗೆ ತಕ್ಕ ವೆಚ್ಚವನ್ನೂ ಕೊಡಿಸಬಹುದು. ನಷ್ಟವಾದವರು ಅನೇಕರಿದ್ದು ಅವರನ್ನು ಸುಲಭವಾಗಿ ಗುರುತಿಸಲಾಗದಿದ್ದರೆ, ಮಾರಿದ ದೋಷಯುಕ್ತ ಸರಕಿನ ಮೌಲ್ಯದ ಶೇಕಡಾ 25ಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಕಟ್ಟಿಸಲು ಅವಕಾಶವಿದೆ. 1986ರ ಕಾಯಿದೆಯಲ್ಲಿ ಈ ಕನಿಷ್ಠ ಮಿತಿ ಶೇಕಡಾ 5 ಇತ್ತು. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಗ್ರಾಹಕ ಕಲ್ಯಾಣ ನಿಧಿಯಿಂದ ದೂರುದಾರರ ವ್ಯಾಜ್ಯವೆಚ್ಚವನ್ನು, ಅಂತಿಮ ತೀರ್ಪಿನ ನಂತರ, ಆಯ್ದು ತುಂಬಿಕೊಡುವ ಏರ್ಪಾಡೂ ಇದೆ. ಇಷ್ಟೆಲ್ಲದರಲ್ಲಿ ದಂಡವಿದೆ, ಪರಿಹಾರವಿದೆ, ದೂರುದಾರನ ವೆಚ್ಚವಿದೆ. ಪ್ರಾಧಿಕಾರದ ತನಿಖೆಗೆ ತಗುಲಿದ ಪುರುಷಭೃತಿಯು ಮಾತ್ರ ದಂಡದೊಳಗೆ ಹೆಸರಿಲ್ಲದೆ ಕರಗಿದೆ.

ಅಮೆರಿಕದ ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ, ರಾಜ್ಯವು ದಂಡಕ್ಕೋ ನಷ್ಟಭರ್ತಿಗೋ ಅರ್ಹವಾದ ಮೊಕದ್ದಮೆಯಲ್ಲಿ ಅಟಾರ್ನಿ ಜನರಲ್‌ಗೆ ಸಮಂಜಸವಾದ ವಕೀಲಿ ವೆಚ್ಚವನ್ನು ಬೇರೆಯಾಗಿ ಕೇಳುವ ಹಕ್ಕಿದೆ. ಬೇರೆಯಾಗಿ ಕೇಳಿದಾಗ ಲೆಕ್ಕ ಕೊಡಬೇಕಾಗುತ್ತದೆ. ಎಷ್ಟು ದುಡಿಮೆ, ಏಕೆ ಎಂದು ಎದುರಾಳಿ ಪ್ರಶ್ನಿಸಬಹುದು. ದಂಡದಲ್ಲಿ ವೆಚ್ಚವನ್ನು ಅಡಗಿಸಿದರೆ ಆ ಪ್ರಶ್ನೆಗೆ ಎಡೆಯಿಲ್ಲ. ವಸೂಲಾದ ಹಣವೇ ಇಲಾಖೆಯ ಆದಾಯವಾದರೆ ದೊಡ್ಡ ಕುಳಗಳನ್ನೇ ಹುಡುಕಿ, ಹಳ್ಳಿಯ ಸಣ್ಣ ಮೋಸವನ್ನು ಕೈಬಿಡುವ ಪ್ರಲೋಭನೆಯೂ ಹುಟ್ಟೀತು.

ಸೋಲಿನ ಮಾತೂ ಇದೆ. 2015ರಲ್ಲಿ ಕೇಂದ್ರ ಸರ್ಕಾರವು ಗ್ರಾಹಕರ ಪರವಾಗಿ ತಾನೇ ದೂರುದಾರನಾಗಿ, ಮ್ಯಾಗಿ ನೂಡಲ್ಸ್ ವಿಷಯದಲ್ಲಿ ನೆಸ್ಲೆ ಇಂಡಿಯಾದಿಂದ ಸುಮಾರು 640 ಕೋಟಿ ರೂಪಾಯಿಗಳನ್ನು ಕೋರಿ ರಾಷ್ಟ್ರೀಯ ಆಯೋಗಕ್ಕೆ ಹೋಯಿತು. ಮಾದರಿಗಳ ಪರೀಕ್ಷೆ ಮೈಸೂರಿನ ಪ್ರಯೋಗಾಲಯದಲ್ಲಿ ನಡೆಯಿತು. 2024ರ ಏಪ್ರಿಲ್‌ನಲ್ಲಿ ಆ ದೂರು ವಜಾ ಆಯಿತು. ಸೋತವನೇ ವೆಚ್ಚ ಕೊಡಬೇಕೆಂಬ ಕೌಟಿಲ್ಯನ ನಿಯಮವನ್ನು ಸರ್ಕಾರವು ತನ್ನ ಪರವಾಗಿ ಬಯಸುವುದಾದರೆ, ಅದು ತನ್ನ ಮೇಲೆ ತಿರುಗುವ ದಿನಕ್ಕೂ ಒಪ್ಪಿರಬೇಕಾಗುತ್ತದೆ.

ಕ್ರಿಮಿನಲ್ ಮೊಕದ್ದಮೆಗಳಲ್ಲಿ ಮಾತ್ರ ಈ ವೆಚ್ಚಕ್ಕೆ ಹಿಂದಿನಿಂದಲೂ ಹೆಸರಿದೆ. ವಸೂಲಾದ ಜುಲ್ಮಾನೆಯನ್ನು ಪ್ರಾಸಿಕ್ಯೂಷನ್ನಿನ ಯುಕ್ತ ಖರ್ಚಿಗೂ, ನೊಂದವರ ಪರಿಹಾರಕ್ಕೂ ವಿನಿಯೋಗಿಸುವಂತೆ ನ್ಯಾಯಾಲಯವು ಆದೇಶಿಸಬಹುದೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 357ನೆಯ ಕಲಮಿನಲ್ಲಿತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೆಯ ಕಲಮು. ಅಲ್ಲಿನ ಪಟ್ಟಿಯಲ್ಲಿ ಖರ್ಚು ಮೊದಲು, ಪರಿಹಾರ ಆಮೇಲೆ. ಯಾಜ್ಞವಲ್ಕ್ಯನ ಪದವಿನ್ಯಾಸ ಬೇರೆ. ರಾಜನ ಪಾಲನ್ನು ಅವನು ‘ಸಾಧಿತ’ದಿಂದ, ಎಂದರೆ ವಸೂಲಾದ ಹಣದ ಲೆಕ್ಕದಲ್ಲಿ ನಿಗದಿಪಡಿಸುತ್ತಾನೆ, ಸಾಲಿಗನಿಂದ ಐದನ್ನು ಪಡೆಯಬೇಕಾದರೂ ಅವನು ‘ಪ್ರಾಪ್ತಾರ್ಥ’ನಾಗಿರಬೇಕು, ತನ್ನ ಹಣ ಕೈಸೇರಿದವನಾಗಿರಬೇಕು.