ಸಿಎ ಓದಿಗೆ ಯಾವ ಪುಸ್ತಕ? ಮೊದಲು ಮುದ್ರಣದ ವರ್ಷ ನೋಡಿ

ಸಿಎ ಫೌಂಡೇಶನ್‌ಗೆ ಹೆಸರು ನೋಂದಾಯಿಸಿದ ಸ್ವಲ್ಪ ದಿನದಲ್ಲೇ ಮೇಜಿನ ಮೇಲೆ ರಾಶಿ ಬೆಳೆಯುತ್ತದೆ: ಸೀನಿಯರ್ ಕೊಟ್ಟ ನೋಟ್ಸ್, ಕೋಚಿಂಗ್‌ನವರ ಮಾಡ್ಯೂಲ್, ಟೆಲಿಗ್ರಾಂನಲ್ಲಿ ಸಿಕ್ಕ ಪಿಡಿಎಫ್. ಇಷ್ಟನ್ನೂ ಓದಿ ಮುಗಿಸುವುದು ಯಾರಿಂದಲೂ ಆಗದ ಕೆಲಸ. ಒಂದು ವಿಷಯಕ್ಕೆ ಒಂದೇ ಮುಖ್ಯ ಪುಸ್ತಕ ಸಾಕು. ಆದರೆ ಅದು ನೀವು ಬರೆಯುವ ಪರೀಕ್ಷೆಗೆ ಅನ್ವಯಿಸುವ ಆವೃತ್ತಿಯೇ ಆಗಿರಬೇಕು.

ಹಾಗಾಗಿ ಮೊದಲ ಕೆಲಸ, ಐಸಿಎಐ ತಾನೇ ಹೊರತರುವ ಸ್ಟಡಿ ಮೆಟೀರಿಯಲ್ ಕೈಗೆತ್ತಿಕೊಳ್ಳುವುದು. ಸಂಸ್ಥೆಯ ಜಾಲತಾಣದಲ್ಲಿ ಎಲ್ಲ ಹಂತದ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಭಾಷೆ ಬಿಗಿಯಾಗಿದೆ, ಪುಟಗಳು ಹೆಚ್ಚು ಎಂದು ಹಲವರು ದೂರ ಇಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪರೀಕ್ಷೆ ನಡೆಸುವವರೇ ಬರೆಸಿದ ಪುಸ್ತಕ ಅದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಇನ್ನಷ್ಟು ಮುಖ್ಯ. ಉತ್ತರ ಬರೆಯಲು ಇರುವುದು ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕಾನೂನಿನ ಪದಗಳನ್ನು ಪರೀಕ್ಷಕರು ಬಯಸುವ ರೂಪದಲ್ಲೇ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಧ್ಯಾಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ವ್ಯಾಖ್ಯೆಯನ್ನು ಮಾತ್ರ ಪುಸ್ತಕದಲ್ಲಿರುವಂತೆಯೇ ಬರೆದು ರೂಢಿ ಮಾಡಿಕೊಳ್ಳಿ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಪರಿಚಿತರ ಬಳಿಯೋ ಹಳೆಯ ಪುಸ್ತಕ ಕೊಳ್ಳುವುದಾದರೆ ಎಚ್ಚರ ಇರಲಿ. 2023ರಲ್ಲಿ ಪಠ್ಯಕ್ರಮ ಬದಲಾಯಿತು, 2024ರ ಮಧ್ಯದಿಂದ ಪರೀಕ್ಷೆಗಳು ಹೊಸ ಕ್ರಮದಲ್ಲೇ ನಡೆಯುತ್ತಿವೆ. ಇಂಟರ್ ಮತ್ತು ಫೈನಲ್‌ನಲ್ಲಿ ಮೊದಲು ತಲಾ 8 ಪತ್ರಿಕೆಗಳಿದ್ದವು, ಈಗ 6. ಇಂಟರ್ ಪುಸ್ತಕದ ಹೊದಿಕೆಯ ಮೇಲೆ ‘ಪೇಪರ್ 7’ ಅಥವಾ ‘ಪೇಪರ್ 8’ ಎಂದಿದ್ದರೆ ಅದು ಹಳೆಯ ಕ್ರಮದ್ದು, ಕೊಳ್ಳಬೇಡಿ. ಕಾಸ್ಟಿಂಗ್‌ನಂಥ ವಿಷಯದಲ್ಲಿ ಹಳೆಯ ಪುಸ್ತಕದ ಲೆಕ್ಕಗಳು ಅಭ್ಯಾಸಕ್ಕಾದರೂ ಬರುತ್ತವೆ.

ತೆರಿಗೆ ವಿಷಯದಲ್ಲಿ ಆ ರಿಯಾಯಿತಿಯೂ ಇಲ್ಲ. ಉದಾಹರಣೆಗೆ, ಪಟ್ಟಿಯಾದ ಷೇರುಗಳ ಅಲ್ಪಾವಧಿ ಬಂಡವಾಳ ಲಾಭದ ತೆರಿಗೆ 2024ರ ಜುಲೈ 23ರಿಂದ ಶೇ 15ರಿಂದ ಶೇ 20ಕ್ಕೆ ಏರಿತು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಎಷ್ಟೇ ಚೆನ್ನಾಗಿ ಲೆಕ್ಕ ಕಲಿತರೂ ಉತ್ತರ ತಪ್ಪುತ್ತದೆ. ಇನ್ನು 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುತ್ತದೆ. ಸೆಕ್ಷನ್ ಸಂಖ್ಯೆಗಳೇ ಬೇರೆ. ಅಂಗಡಿಯಲ್ಲೇ ಪುಸ್ತಕ ತೆರೆದು ಮುನ್ನುಡಿ ಓದಿ: ಯಾವ ಕಾಯ್ದೆ, ಯಾವ ವರ್ಷದ ಫೈನಾನ್ಸ್ ಆಕ್ಟ್, ಯಾವ ತಿಂಗಳ ಪರೀಕ್ಷೆಗೆ ಎಂದು ಬರೆದಿರುತ್ತದೆ. ಅದನ್ನು ಐಸಿಎಐ ಪ್ರಕಟಣೆಯ ಜೊತೆ ಹೋಲಿಸಿ. ಆ ಮಾಹಿತಿಯೇ ಇಲ್ಲದ ಪುಸ್ತಕವನ್ನು ಅಲ್ಲೇ ಬಿಟ್ಟು ಬನ್ನಿ.

ಕೋಚಿಂಗ್ ಬೇಕೇ ಎಂಬುದು ನಿಮ್ಮ ತಳಪಾಯದ ಮೇಲಿದೆ. ಸಂಸ್ಥೆಯೇ ಆನ್‌ಲೈನ್‌ನಲ್ಲಿ ಉಚಿತ ತರಗತಿ ನಡೆಸುತ್ತದೆ. ಕೆಲವನ್ನು ಕೇಳಿ ನೋಡದೆ ಸಾವಿರಾರು ರೂಪಾಯಿ ಕಟ್ಟಬೇಡಿ. ಕಟ್ಟುವುದಾದರೆ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರು ಸಾಕು. ಡೆಮೊ ತರಗತಿಯಲ್ಲಿ ಅವರು ಐಸಿಎಐ ಪ್ರಶ್ನೆಗಳನ್ನು ಬಿಡಿಸುತ್ತಾರೋ ಇಲ್ಲವೋ ಗಮನಿಸಿ.

ಮುಖ್ಯ ಪುಸ್ತಕ ಒಂದು ಸುತ್ತು ಮುಗಿದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಸಜೆಸ್ಟೆಡ್ ಆನ್ಸರ್ಸ್ ತೆಗೆಯಿರಿ. ಇವೂ ಉಚಿತ. ಅಂಕ ಎಲ್ಲೆಲ್ಲಿ ಹಂಚಿಕೆಯಾಗುತ್ತದೆ, ಟಿಪ್ಪಣಿ ಎಷ್ಟು ಬರೆಯಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಇಂಟರ್ ಮತ್ತು ಫೈನಲ್‌ನಲ್ಲಿ ಶೇ 30ರಷ್ಟು ಅಂಕ ಬಹು ಆಯ್ಕೆ ಪ್ರಶ್ನೆಗಳಿಗೆ ಇರುವುದರಿಂದ ಕೇಸ್ ಸಿನಾರಿಯೊ ಪುಸ್ತಿಕೆಯನ್ನೂ ಸೇರಿಸಿಕೊಳ್ಳಿ. ಫೌಂಡೇಶನ್‌ನ ಕೊನೆಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಅಲ್ಲಿ ಓದಿಗಿಂತ ಗಡಿಯಾರ ಇಟ್ಟು ಮಾಡಿದ ಅಭ್ಯಾಸವೇ ಹೆಚ್ಚು ನೆರವಾಗುತ್ತದೆ.

ಪರೀಕ್ಷೆ ಹತ್ತಿರವಾದಾಗ ಆ ಬಾರಿಯ ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್) ಪ್ರಕಟವಾಗುತ್ತದೆ. ಅದರಲ್ಲಿ ಪ್ರಶ್ನೆಗಳಿಗಿಂತ ಮೊದಲು ಅನ್ವಯವಾಗುವ ತಿದ್ದುಪಡಿಗಳ ಭಾಗ ಓದಿ, ನಿಮ್ಮ ಪುಸ್ತಕದ ಆಯಾ ಪುಟದ ಅಂಚಿನಲ್ಲೇ ಗುರುತು ಹಾಕಿಕೊಳ್ಳಿ.