ಟೂಲ್ ಹುಡುಕುವ ಮೊದಲು ಫೈಲನ್ನೇ ಓದಿ

ಹಳೆಯ ಮ್ಯಾಕಿಂಟಾಷ್, ಕಮೋಡೋರ್ ಕಾಲದ ಫೈಲುಗಳನ್ನು ತೆರೆಯಲು ಹೊರಟ ಹುಡುಗ ಹುಡುಗಿಯರೇ, ನಿಮಗೊಂದು ಮಾತು. ಕಂಡ ಕಂಡ ಟೂಲುಗಳನ್ನೆಲ್ಲ ಇಳಿಸಿಕೊಂಡು ಒಂದಾದ ಮೇಲೊಂದು ಓಡಿಸಿ ನೋಡಬೇಡಿ. ರೋಗ ಏನೆಂದು ತಿಳಿಯದೆ ಮದ್ದು ಕೊಟ್ಟಂತಾಗುತ್ತದೆ. ಮೊದಲು ಫೈಲಿನ ಒಂದು ಪ್ರತಿ ಮಾಡಿಕೊಂಡು, ಅದನ್ನು ಸಾದಾ ಎಡಿಟರಿನಲ್ಲಿ ತೆರೆದು, ಮೇಲಿನ ಕೆಲವು ಸಾಲುಗಳನ್ನು ನಿಧಾನವಾಗಿ ನೋಡಿ.

1980ರ ದಶಕದಲ್ಲಿ ಮನೆಗಳಿಗೆ ಬಂದ ಕಂಪ್ಯೂಟರುಗಳು ಒಂದರ ಫ್ಲಾಪಿಯನ್ನು ಇನ್ನೊಂದು ಸಾಮಾನ್ಯವಾಗಿ ಓದುತ್ತಿರಲಿಲ್ಲ. ಹಾಗಾಗಿ ಫೈಲುಗಳು ಮೋಡೆಮ್ ಮೂಲಕ, ಇ-ಮೇಲ್ ಮೂಲಕ ಓಡಾಡಿದವು. ಆದರೆ ಪ್ರೋಗ್ರಾಮಿನ ಬೈಟಿಗೆ 8 ಬಿಟ್. ಮೇಲ್ ಸಾಗುತ್ತಿದ್ದ ದಾರಿಗಳಲ್ಲಿ ಎಷ್ಟೋ 7 ಬಿಟ್‌ನ ಅಕ್ಷರಗಳಿಗೆ ಮಾತ್ರ ಸರಿ. ಪ್ರೋಗ್ರಾಮನ್ನು ಅಕ್ಷರಗಳಾಗಿ ಬದಲಿಸಿ ಕಳಿಸದೆ ಬೇರೆ ಗತಿ ಇರಲಿಲ್ಲ.

1980ರಲ್ಲಿ ಬರ್ಕ್ಲಿಯಲ್ಲಿ ಮೇರಿ ಆ್ಯನ್ ಹಾರ್ಟನ್ ಬರೆದ ಯುಯುಎನ್‌ಕೋಡ್ ಪ್ರತಿ 3 ಬೈಟನ್ನು 4 ಅಕ್ಷರ ಮಾಡುತ್ತದೆ. ಒಂದು ಪೂರ್ಣ ಸಾಲಿನಲ್ಲಿ 45 ಬೈಟ್. ಸಾಲಿನ ಆರಂಭದಲ್ಲಿ ಈ ಎಣಿಕೆಯೇ ಒಂದು ಅಕ್ಷರವಾಗಿ ನಿಲ್ಲುತ್ತದೆ. ಅದಕ್ಕೆ 32 ಕೂಡಿಸಿದರೆ 77. ಆಸ್ಕಿಯಲ್ಲಿ ಅದು ದೊಡ್ಡ 'ಎಂ'. ಆದ್ದರಿಂದ 'ಬಿಗಿನ್' ಎಂಬ ಸಾಲಿನ ಕೆಳಗೆ ಎಡಬದಿಯಲ್ಲಿ ಉದ್ದಕ್ಕೂ 'ಎಂ' ನಿಂತಿದ್ದರೆ, ನಿಮಗೆ ಬೇಕಾದ್ದು ಯುಯುಡಿಕೋಡ್.

ಮ್ಯಾಕಿನ ಫೈಲಿಗೆ ಡೇಟಾ ಫೋರ್ಕ್, ರಿಸೋರ್ಸ್ ಫೋರ್ಕ್ ಎಂದು ಎರಡು ಭಾಗ. ಡೇಟಾ ಫೋರ್ಕನ್ನಷ್ಟೇ ನಕಲು ಮಾಡಿದರೆ ಆಗಿನ ಅಪ್ಲಿಕೇಶನ್ ಕೆಲಸಕ್ಕೆ ಬಾರದು. 1985ರ ಬಿನ್‌ಹೆಕ್ಸ್ 4.0 ಎರಡನ್ನೂ ಒಟ್ಟಿಗೆ ಕಟ್ಟಿ, ತಪ್ಪು ಹಿಡಿಯುವ ಸಿಆರ್‌ಸಿ ಸಂಖ್ಯೆಯನ್ನೂ ಸೇರಿಸುತ್ತದೆ. ತನ್ನ ಹೆಸರನ್ನೂ ಆವೃತ್ತಿಯನ್ನೂ ಆರಂಭದ ಸಾಲಿನಲ್ಲೇ ಬರೆದಿಟ್ಟಿರುತ್ತದೆ. ಬಿಚ್ಚಿದ ಮೇಲೆ ಒಳಗೆ ಸ್ಟಫ್‌ಇಟ್‌ನಲ್ಲಿ ಕುಗ್ಗಿಸಿದ ಫೈಲು ಸಿಕ್ಕರೆ ಗಾಬರಿ ಬೇಡ. ಆಗ ಅದೇ ರೂಢಿ. ಹೊರಗಿನದನ್ನು ಮೊದಲು, ಒಳಗಿನದನ್ನು ಆಮೇಲೆ ಬಿಚ್ಚಿ.

ಎಡಿಟರಿನಲ್ಲಿ ನೋಡಿ, 'ಸೇವ್' ಮಾತ್ರ ಒತ್ತಬೇಡಿ. ಹಳೆಯ ಯುಯುಎನ್‌ಕೋಡಿನಲ್ಲಿ ಸೊನ್ನೆಗೆ ಖಾಲಿ ಜಾಗವೇ ಗುರುತು. ಸೇವ್ ಮಾಡುವಾಗ ಎಡಿಟರು ಸಾಲಿನ ಕೊನೆಯ ಖಾಲಿ ಜಾಗ ಅಳಿಸಿದರೆ ದತ್ತಾಂಶವೇ ಹೋಯಿತು. ಆಗಿನ ಕೆಲವು ಮೇಲ್ ಯಂತ್ರಗಳು ಇದೇ ಹಾನಿ ಮಾಡುತ್ತಿದ್ದುದರಿಂದ ಮುಂದೆ ಆ ಜಾಗಕ್ಕೆ ಬೇರೆ ಚಿಹ್ನೆ ಬಂತು. ಬಿನ್‌ಹೆಕ್ಸ್ ಫೈಲಿನ ಸಿಆರ್‌ಸಿ ತಾಳೆಯಾಗದಿದ್ದರೆ ಆ ಪ್ರತಿಯನ್ನು ನಂಬಬೇಡಿ, ಇನ್ನೊಂದು ಪ್ರತಿ ಹುಡುಕಿ.

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುಂಚೆ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದ ನಮ್ಮ ಕನ್ನಡ ಫೈಲುಗಳಿಗೂ ಈ ಮಾತು ಸಲ್ಲುತ್ತದೆ. ಯಾವ ಫಾಂಟು ಎಂದು ಗೊತ್ತಾದ ಮೇಲಷ್ಟೇ ಪರಿವರ್ತಕ ಹಚ್ಚಿ.

ಕೆಲಸ ಮುಗಿದ ಮೇಲೆ ಮೂಲ ಫೈಲು, ಬಿಚ್ಚಿದ ಫೈಲು, ಬಳಸಿದ ಟೂಲು, ಮೂರನ್ನೂ ಒಂದೇ ಕಡೆ ಇಡಿ. ಯಾವ ಟೂಲಿನ ಯಾವ ಆವೃತ್ತಿ, ಯಾವ ಕ್ರಮದಲ್ಲಿ ಬಿಚ್ಚಿದಿರಿ ಎಂಬುದನ್ನು ಸಾದಾ ಪಠ್ಯದಲ್ಲಿ ಬರೆದು ಜೊತೆಗಿಡಿ. ಇದಕ್ಕೆ ಹತ್ತು ನಿಮಿಷ ಸಾಕು. ನಿಮ್ಮ ನಂತರ ಆ ಫೈಲನ್ನು ತೆರೆಯುವವರು ಮತ್ತೆ ಮೊದಲಿನಿಂದ ತಡಕಾಡುವಂತೆ ಆಗಬಾರದು.