ತಾಲೀಮು ಬಿಡಿಸಬೇಡಿ

ಮಗಳು ಒಂಬತ್ತನೇ ತರಗತಿ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಹಾಗಾಗಿ ನಾಟಕದ ತಾಲೀಮು ಬಿಡಿಸಬೇಕೆಂದಿದ್ದೀರಿ. ದಯವಿಟ್ಟು ಬಿಡಿಸಬೇಡಿ, ತಾಯಿ.

ಒಂದು ಸಂಜೆ ತಾಲೀಮಿಗೆ ಹೋಗಿ ಕೂತು ನೋಡಿ. ಅಲ್ಲಿ ಮಾತು ಬಾಯಿಪಾಠವಾದರೆ ಸಾಲದು. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ತನ್ನ ಮಾತು ಆಡಲಾಗದು. ತಾನಾಡುವ ಪಾತ್ರ ಯಾಕೆ ಸಿಟ್ಟಾಯಿತು, ಯಾಕೆ ಸುಳ್ಳಾಡಿತು ಎಂದು ಯೋಚಿಸಬೇಕು. ತನ್ನದು ಎರಡೇ ಸಾಲಿನ ಪಾತ್ರವಾದರೂ ಕೊನೆಯವರೆಗೆ ಎಲ್ಲರ ಜೊತೆ ನಿಲ್ಲಬೇಕು. ಈಗ ಅವಳು ನೆಂಟರೆದುರು ಸಂಕೋಚವಿಲ್ಲದೆ ಮಾತಾಡುತ್ತಾಳೆಂದು ನೀವೇ ಬರೆದಿದ್ದೀರಲ್ಲ!

ನಾಟಕದ ಮೂಲಕ ಕಲಿಯುವುದು ನಮ್ಮ ನಾಡಿಗೆ ಹೊಸತಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ನಾಟಕ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ಬಿ.ವಿ. ಕಾರಂತರಂಥ ದೊಡ್ಡ ನಿರ್ದೇಶಕರು ಮಕ್ಕಳಿಗಾಗಿ ‘ಪಂಜರಶಾಲೆ’ ಆಡಿಸಿದರು. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿನ್ನರ ಮೇಳ ಎಂಬ ಮಕ್ಕಳ ರಂಗಶಿಬಿರ ನಡೆಯುತ್ತದೆ, ಸಾಧ್ಯವಾದರೆ ವಿಚಾರಿಸಿ.

ನಾಟಕದಿಂದ ಅಂಕ ಹೆಚ್ಚುತ್ತದೆಂದು ನಾನು ಭರವಸೆ ಕೊಡಲಾರೆ. ಅಂಕದಿಂದ ಅದನ್ನು ಅಳೆಯುವುದೂ ಬೇಡ. ಪರೀಕ್ಷೆ ಹತ್ತಿರವಾದಾಗ ತಾಲೀಮಿನ ದಿನಗಳನ್ನು ಕಡಿಮೆ ಮಾಡಲು ನಾಟಕದ ಮೇಷ್ಟ್ರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಮುಂದಿನ ಪ್ರದರ್ಶನಕ್ಕೆ ಅವಳ ಅಪ್ಪನನ್ನೂ ತಪ್ಪದೆ ಕರೆದುಕೊಂಡು ಹೋಗಿ.